ಇರುವವರ ಮಾತು, ಹೋಗುವವರ ಮಾತು

ಶನಿವಾರ ಬೆಳಿಗ್ಗೆ ನಮ್ಮ ಐರಿಷ್ ಕೂಟದ ಝೂಮ್ ತೆರೆದರೆ ಮೊದಲು ಕಾಣುವುದು ಒಂದು ಕಪ್ಪು ಚೌಕ. ಅದರ ನಡುವೆ ಬಿಳಿ ಅಕ್ಷರದಲ್ಲಿ ನನ್ನ ಬೀಗಿತ್ತಿಯ ಹೆಸರು. ಅವರು ತೀರಿಕೊಂಡು ತಿಂಗಳುಗಳಾದವು. ಕೂಟದ ಅಕೌಂಟ್ ಅವರ ಹೆಸರಿನಲ್ಲಿತ್ತು, ಪಾಸ್‌ವರ್ಡ್ ನನಗೆ ಕೊಟ್ಟಿದ್ದರು, ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಈಗ ನಾನೇ ತೆರೆಯುತ್ತೇನೆ. ಕ್ಯಾಮೆರಾ ಆನ್ ಮಾಡಿದರೆ ಅವರ ಹೆಸರಿನ ಮೇಲೆ ನನ್ನ ಮುಖ ಬಂದು ಕೂರುತ್ತದೆ. ಹೆಸರು ಬದಲಿಸುವುದೇನೂ ದೊಡ್ಡ ಕೆಲಸವಲ್ಲ. ಬದಲಿಸು ಅಂತ ಯಾರೂ ಹೇಳಿಲ್ಲ, ನನಗೂ ಕೈ ಬಂದಿಲ್ಲ.

ಕೂಟ ಮುಗಿಸುವಾಗ ಇನ್ನೂ ಕಷ್ಟ. ಐರಿಷ್‌ನಲ್ಲಿ ಬೀಳ್ಕೊಡುವ ಮಾತು ಎರಡು. ಹೋಗುವವರು ಇರುವವರಿಗೆ ಹೇಳುವುದು ಒಂದು, ಇರುವವರು ಹೋಗುವವರಿಗೆ ಹೇಳುವುದು ಇನ್ನೊಂದು. ಅದಲು ಬದಲು ಮಾಡುವ ಹಾಗಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ನನಗೆ ಹೋಗುವವರ ಮಾತು ಹೇಳಿ ಮಾಯವಾಗುತ್ತಾರೆ, ನಾನು ಇರುವವರ ಮಾತು ಹೇಳಿ ಕೊನೆಗೆ ಕೆಂಪು ಗುಂಡಿ ಒತ್ತಬೇಕು. ಒತ್ತುವ ಮುಂಚೆ ಖಾಲಿ ಪರದೆಯ ಮುಂದೆ ಸ್ವಲ್ಪ ಹೊತ್ತು ಕೂತಿರುತ್ತೇನೆ. ಯಾರೋ ಇನ್ನೂ ಒಂದು ಮಾತು ಹೇಳುವುದು ಬಾಕಿ ಇದೆ ಅನ್ನಿಸುತ್ತದೆ. ನಮ್ಮನೆಯವರು ಅಡುಗೆಮನೆಯಿಂದ "ಮುಗೀತೇನ?" ಅಂತ ಕೂಗುತ್ತಾರೆ. ಮುಗಿಯಿತು ಅಂತ ಹೇಳಲು ನನಗೆ ಭಯ.

ನಾನು ಧಾರವಾಡದವಳು. ಮೇರಿಲ್ಯಾಂಡಿನ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತದ ಸ್ಯಾಂಪಲ್ ನೋಡುತ್ತಾ ತಲೆಗೂದಲು ಬೆಳ್ಳಗಾಗಿಸಿಕೊಂಡು ರಿಟೈರ್ ಆದವಳು. ಐರಿಷ್ ಭಾಷೆಗೂ ನನಗೂ ಎತ್ತಿಂದೆತ್ತ ಸಂಬಂಧ? ಸಂಬಂಧ ಬಂದದ್ದು ಸೊಸೆಯಿಂದ. ಅವಳು ಇಲ್ಲೇ ಹುಟ್ಟಿದ ಹುಡುಗಿ. ಅವಳ ತಾಯಿ ಐರ್ಲೆಂಡಿನ ಪಶ್ಚಿಮ ಕಡಲ ಕಡೆಯವರು, ಮನೆಮಾತು ಐರಿಷ್. ನರ್ಸ್ ಆಗಿ ಈ ದೇಶಕ್ಕೆ ಬಂದು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಬ್ಬಳೇ ಮಗಳನ್ನು ಸಾಕಿ, ಸಿಲ್ವರ್ ಸ್ಪ್ರಿಂಗ್‌ನ ಒಂದು ಇಟ್ಟಿಗೆ ಮನೆಯಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದ್ದರು.

ಇಂಗ್ಲಿಷಿನಲ್ಲಿ ಬೀಗರಿಗೆ ಹೆಸರೇ ಇಲ್ಲ. ಮಗನ ಅತ್ತೆ, ಮಗಳ ಅತ್ತೆ ಅಂತ ಸುತ್ತಿ ಬಳಸಿ ಹೇಳಬೇಕು. ನಾವು ಒಬ್ಬರಿಗೊಬ್ಬರು ಏನಾಗಬೇಕು ಅಂತ ಅವರು ಮೊದಲ ಭೇಟಿಯಲ್ಲೇ ಕೇಳಿದರು. ಬೀಗಿತ್ತಿ ಅಂದೆ. ಅವರ ನಾಲಿಗೆಯಲ್ಲಿ ಅದು "ಬೀಗಿಚ್ಚಿ" ಆಯಿತು. ಬೀಗ ಅಂದರೆ ಬಾಗಿಲಿಗೆ ಹಾಕುವ ಬೀಗವೂ ಹೌದು ಅಂದಾಗ ಬಹಳ ಖುಷಿಪಟ್ಟು, "ಹಾಗಾದರೆ ಕೀ ಎಲ್ಲಿದೆ?" ಅಂದರು.

ಆ ಭೇಟಿಯಲ್ಲೇ ಇನ್ನೊಂದು ತಮಾಷೆ ನಡೆಯಿತು. ಸೊಸೆ, ಆಗಿನ್ನೂ ಸೊಸೆಯಾಗಿರಲಿಲ್ಲ, ನಮ್ಮಿಬ್ಬರಿಗೂ ಟೀ ಬೇಕಾ ಅಂತ ಕೇಳಿದಳು. ನಾನು ಬೇಡ ಅಂದೆ. ಅವರೂ ಬೇಡ ಅಂದರು. ಹುಡುಗಿ "ಓಕೆ" ಅಂತ ಕೂತುಬಿಟ್ಟಳು. ನನಗೋ ಮನಸ್ಸೆಲ್ಲ ಚಹಾದ ಕಡೆಗೇ. ಬೀಗರ ಮುಂದೆ ಒಂದೇ ಸಲಕ್ಕೆ ಹೂಂ ಅಂದರೆ ಮರ್ಯಾದೆ ಉಳಿಯುತ್ತದೆಯೇ? ಕಾರು ನಿಲ್ಲಿಸಿದ್ದ ಕಡೆಗೆ ನಡೆಯುವಾಗ ಅವರು ನನ್ನ ಕಿವಿಯ ಹತ್ತಿರ ಬಂದು, "ನಮ್ಮೂರಲ್ಲಿ ಮೂರು ಸಲ ಕೇಳುತ್ತಾರೆ" ಅಂದರು. ನಮ್ಮೂರಲ್ಲೂ ಅಂದೆ. ಬೀಗಿತ್ತಿಯರಿಬ್ಬರೂ ದಾರಿಯಲ್ಲಿ ಒಂದು ಅಂಗಡಿ ಹುಡುಕಿ, ನಿಂತುಕೊಂಡೇ ಕಾಗದದ ಲೋಟದಲ್ಲಿ ಬಿಸಿನೀರಿನಂಥ ಟೀ ಕುಡಿದೆವು. ನಮ್ಮ ಸ್ನೇಹ ಶುರುವಾದದ್ದು ಮದುವೆಯಿಂದ ಅಲ್ಲ, ಆ ಕೆಟ್ಟ ಟೀಯಿಂದ.

ಮದುವೆಯಾದ ಮೇಲೆ ಮಗ, ಸೊಸೆ ಜಾರ್ಜಿಯಾದ ಕಮ್ಮಿಂಗ್‌ನಲ್ಲಿ ಮನೆ ಮಾಡಿದರು. ಸೊಸೆ ಮಗನಿಂದ ಅರೆಬರೆ ಕನ್ನಡವನ್ನೂ ಕಲಿತಳು. ಅಮ್ಮಂದಿರಿಬ್ಬರೂ ಇಲ್ಲಿ ಮೇರಿಲ್ಯಾಂಡ್‌ನಲ್ಲಿ. 2020ರ ವಸಂತದಲ್ಲಿ ಕೊರೊನಾ ಬಂದು ಎಲ್ಲರ ಬಾಗಿಲೂ ಮುಚ್ಚಿದಾಗ ಸೊಸೆಯ ಫೋನ್ ಬಂತು. ತಾಯಿಯನ್ನು ಅವಳು ಕರೆಯುವುದು ಮ್ಯಾಮ್ ಅಂತ.

"ಅತ್ತೆ, ಮ್ಯಾಮ್ ನಂಗೆ ಟ್ರೂತ್ ಹೇಳಲ್ಲ. ಐಯಾಮ್ ಫೈನ್, ಐಯಾಮ್ ಫೈನ್, ಅಷ್ಟೇ. ಹೆಲ್ಪ್ ಕಳಿಸಿದ್ರೆ ಡೋರ್ ಓಪನ್ ಮಾಡಲ್ಲ. ಆದ್ರೆ ಅವಳ ಐರಿಷ್ ಗ್ರೂಪ್ ಝೂಮ್‌ನಲ್ಲಿ ಇದೆ. ನೀವು ಜಾಯಿನ್ ಮಾಡಿ. ಎವ್ರಿ ವೀಕ್ ಫೇಸ್ ನೋಡಿ ನಂಗೆ ಹೇಳಿ. ಪ್ಲೀಸ್." ಆಮೇಲೆ, "ಅವಳು ಹೋಗುವಾಗ ನಂಗೆ ಗೊತ್ತೇ ಆಗಲ್ಲ ಅಂತ ಭಯ, ಅತ್ತೆ" ಅಂದಳು.

ತಾಯಿ ತನಗೆ ಹೇಳದೆ ಹೋಗಿಬಿಟ್ಟಾಳು. ಇದೊಂದೇ ಆ ಹುಡುಗಿಯ ಹೆದರಿಕೆ. ಅವತ್ತಿಂದ ಕೊನೆಯವರೆಗೂ ಇದೊಂದೇ. ನಾನು ಹೂಂ ಅಂದೆ. ಐರಿಷ್ ಕಲಿಯುವ ಆಸೆಯಿಂದ ಅಲ್ಲ, ಬೇಹುಗಾರಿಕೆಗೆ.

ನಮ್ಮನೆಯವರು ನಕ್ಕರು. "ಮಗಗ ನೆಟ್ಟಗ ಕನ್ನಡ ಓದಲಿಕ್ಕೆ ಕಲಿಸಲಿಲ್ಲ. ಈಗ ಈ ವಯಸ್ಸಿನ್ಯಾಗ ಬೀಗಿತ್ತಿ ಕಡೆ ಐರಿಷ್ ಕಲೀತಾಳಂತ!"

"ನೀವು ಸುಮ್ಮ ಕೂಡ್ರಿ" ಅಂದೆ.

ಮೊದಲ ಶನಿವಾರ ಪರದೆಯ ಮೇಲೆ ನನ್ನ ಮುಖ ಕಂಡ ಕೂಡಲೇ ಬೀಗಿತ್ತಿ ಹುಬ್ಬು ಏರಿಸಿದರು. ಒಂದೇ ಹುಬ್ಬು, ಎಡಗಡೆಯದು. ನಾನು ಯಾರೂ ಕೇಳದಿದ್ದರೂ "ಎಷ್ಟೋ ದಿವಸದಿಂದ ಕಲಿಯಬೇಕು ಅಂತಿತ್ತು" ಅಂತ ಇಂಗ್ಲಿಷಿನಲ್ಲಿ ಶುರುಮಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. "ನನ್ನ ಮಗಳಿಗೆ ಹೇಳಿ, ಕೆಮ್ಮು ಇಲ್ಲ, ಜ್ವರ ಇಲ್ಲ. ಈಗ ಪಾಠಕ್ಕೆ ಬನ್ನಿ" ಅಂದುಬಿಟ್ಟರು.

ಕೂಟದ ಪದ್ಧತಿ ಅವರದೇ. ಮೊದಲು ವಾರದ ಒಂದು ಸುದ್ದಿ, ಆಮೇಲೆ ಎಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವ ಒಂದು ಮರ್ಯಾದೆಯ ಪ್ರಶ್ನೆ, ಎಲ್ಲವೂ ಐರಿಷ್‌ನಲ್ಲಿ. ಗೊತ್ತಿಲ್ಲದ ಪದಕ್ಕೆ ಕೈ ಆಡಿಸಬಹುದು, ಇಂಗ್ಲಿಷ್ ಆಡುವ ಹಾಗಿಲ್ಲ. ಆ ವರ್ಷ ಸುದ್ದಿಗೂ ಮರ್ಯಾದೆಗೂ ಗಡಿಯೇ ಇರಲಿಲ್ಲ. ಮಾಸ್ಕ್ ಹಾಕದವರಿಗೆ ದೂರ ಸರಿ ಅಂತ ಹೇಗೆ ಹೇಳುವುದು? ಕೈ ಕುಲುಕದೆ ಕೈ ಕೊಡುವುದು ಹೇಗೆ? ನಮಸ್ಕಾರ ಮಾಡಿ ತೋರಿಸಿದೆ, ಎಲ್ಲರೂ ಪರದೆಯಲ್ಲಿ ಕೈಜೋಡಿಸಿ ನೋಡಿದರು. ಚುನಾವಣೆ ಬಂದಾಗ ಯಾರಿಗೆ ವೋಟು ಅಂತ ಕೇಳಬಾರದು, ಆದರೆ ಕೇಳದೆಯೇ ತಿಳಿಯುವುದು ಹೇಗೆ ಅಂತ ಜಗಳವೇ ಆಯಿತು. ಶಾರ್ಲೆಟ್‌ನಿಂದ ಸೇರುತ್ತಿದ್ದ ರಿಟೈರ್ಡ್ ಟೀಚರ್ ಒಬ್ಬರು ಕೋಪದಲ್ಲಿ ಕ್ರಿಯಾಪದ ಮರೆತು ಬರೀ ಕೈ ಆಡಿಸಿದರು.

ನನಗೆ ಆಶ್ಚರ್ಯವಾಗಿದ್ದು ಬೇರೆಯೇ. ಈ ಭಾಷೆ ನನಗೆ ಇಂಗ್ಲಿಷಿಗಿಂತ ಸಲೀಸಾಗಿ ಒಳಗೆ ಬಂತು. ಇಂಗ್ಲಿಷಿನವರು ನಾನು ಹಸಿದಿದ್ದೇನೆ ಅನ್ನುತ್ತಾರೆ. ಇವರು ನನ್ನ ಮೇಲೆ ಹಸಿವೆ ಇದೆ ಅನ್ನುತ್ತಾರೆ. ನನಗ ಹಸಿವಿ ಆಗೇದ ಅನ್ನುವವಳಿಗೆ ಇದರಲ್ಲಿ ಕಷ್ಟವೇನು? ಇವರಿಗೆ ಹೌದು, ಇಲ್ಲ ಅನ್ನುವ ಪದಗಳಿಲ್ಲ. ಬಂದೆಯಾ ಅಂದರೆ ಬಂದೆ, ಉಂಡೆಯಾ ಅಂದರೆ ಉಂಡೆ. ಕೇಳಿದ ಕ್ರಿಯೆಯನ್ನೇ ತಿರುಗಿ ಕೊಡಬೇಕು. ಬೇರೆಯವರು ಇದಕ್ಕೆ ತಿಣುಕುತ್ತಿದ್ದರು. ನಾನು ಧಾರವಾಡದ ಕಟ್ಟೆಯ ಮೇಲೆ ಕೂತವಳ ಹಾಗೆ ಪಟಪಟ ಉತ್ತರ ಕೊಟ್ಟೆ. ಬೀಗಿತ್ತಿಗೆ ಹೆಮ್ಮೆ. "ನೀವು ದಾರಿತಪ್ಪಿ ಆ ದೇಶದಲ್ಲಿ ಹುಟ್ಟಿದವರು" ಅಂದರು. ದಾರಿತಪ್ಪಿದ್ದು ನೀವು ಅಂದೆ.

ಎರಡು ಬೀಳ್ಕೊಡುಗೆಗಳ ಪಾಠ ಬಂದದ್ದು ಆ ಬೇಸಿಗೆಯಲ್ಲಿ. ಹೋಗುವವರು ಹೇಳುವುದು "ಸ್ಲಾನ್ ಅಗತ್". ಇರುವವರು ಹೇಳುವುದು "ಸ್ಲಾನ್ ಲ್ಯಾತ್". ಸ್ಲಾನ್ ಅಂದರೆ ಕ್ಷೇಮ. ಅಗತ್ ಅಂದರೆ ನಿನ್ನ ಹತ್ತಿರ. ಲ್ಯಾತ್ ಅಂದರೆ ನಿನ್ನ ಜೊತೆ. ಮನೆಯಲ್ಲಿ ಉಳಿಯುವವರ ಹತ್ತಿರ ಕ್ಷೇಮ ಇರಲಿ, ಹೊರಟವರ ಜೊತೆ ಕ್ಷೇಮ ಹೋಗಲಿ. ಮರ್ಯಾದೆಯ ಪ್ರಶ್ನೆ ತಾನಾಗಿ ಎದ್ದಿತು. ಝೂಮ್‌ನಲ್ಲಿ ಹೋಗುವವರು ಯಾರು, ಇರುವವರು ಯಾರು? ಎಲ್ಲರೂ ಅವರವರ ಮನೆಯಲ್ಲೇ ಇದ್ದೇವೆ, ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ. ಬಹಳ ಹೊತ್ತು ವಾದ ನಡೆದು ಬೀಗಿತ್ತಿ ತೀರ್ಪು ಕೊಟ್ಟರು. ಕೊನೆಯ ಗುಂಡಿ ಯಾರ ಕೈಯಲ್ಲಿದೆಯೋ ಅವರೇ ಇರುವವರು. ಹಾಗಾಗಿ ಐದು ವರ್ಷ ನಾವೆಲ್ಲ ಅವರಿಗೆ ಅಗತ್ ಅಂದೆವು, ಅವರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಲ್ಯಾತ್ ಅಂದರು. ಒಂದು ಸಲವೂ ತಪ್ಪಿದವರಲ್ಲ. ನಾವು ತಪ್ಪಿದರೆ ಎಡ ಹುಬ್ಬು ಏರುತ್ತಿತ್ತು, ಸರಿಪಡಿಸುವವರೆಗೂ ಬಿಡುತ್ತಿರಲಿಲ್ಲ.

ಅವತ್ತೇ ಅವರು ಮಗಳ ಬಾಲ್ಯದ ಮಾತು ತೆಗೆದರು. ನೈಟ್ ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಅವರು ಅಗತ್ ಅನ್ನಬೇಕು, ಪಕ್ಕದ ಮನೆಯಾಕೆಯ ಕೈಹಿಡಿದು ನಿಂತ ಮಗು ಲ್ಯಾತ್ ಅನ್ನಬೇಕು. ಮಗು ಅನ್ನುವವರೆಗೂ ಹೆಜ್ಜೆ ಕಿತ್ತಿಡುತ್ತಿರಲಿಲ್ಲವಂತೆ. ಅಳು ಬಂದ ದಿನ ಮಗು ಬೇಕೆಂದೇ ಬಾಯಿ ಬಿಗಿಹಿಡಿಯುತ್ತಿತ್ತಂತೆ, ಅಮ್ಮ ಹೋಗದಿರಲಿ ಅಂತ. "ಅವಳಿಗೆ ನಾನು ಕೊಟ್ಟ ಐರಿಷ್ ಅಷ್ಟೇ. ಉಳಿದದ್ದು ಅವಳಿಗೆ ಭಾರವಾಗುತ್ತದೆ ಅಂದುಕೊಂಡೆ" ಅಂದರು. ನಾನು ತಲೆ ತಗ್ಗಿಸಿ ಬರೆದುಕೊಳ್ಳುವವಳ ಹಾಗೆ ನಟಿಸಿದೆ. ಸುದ್ದಿಯನ್ನು ಫೋನಿನಲ್ಲಿ ಕಮ್ಮಿಂಗ್‌ಗೆ ದಾಟಿಸಿದೆ. "ನಂಗೆ ಇನ್ನೂ ನೆನಪಿದೆ, ಅತ್ತೆ" ಅಂದಳು ಸೊಸೆ.

ನನ್ನ ಸರದಿ ಬಂದಾಗ ನಮ್ಮ ಪದ್ಧತಿ ಹೇಳಿದೆ. ನಮ್ಮಲ್ಲಿ ಹೋಗ್ತೇನೆ ಅನ್ನುವುದೇ ಇಲ್ಲ, ಹೋಗಿ ಬರ್ತೇನಿ ಅನ್ನಬೇಕು. ಇರುವವರು ಬರ್ರಿ ಅನ್ನಬೇಕು. ಬೀಗಿತ್ತಿಗೆ ಈ "ಬರ್ರಿ" ಬಹಳ ಹಿಡಿಸಿತು. ಎರಡು ರಕಾರವನ್ನೂ ಬಾಯಿತುಂಬ ಉರುಳಿಸುತ್ತಿದ್ದರು. ಅವತ್ತಿಂದ ನನಗೆ ಮಾತ್ರ ಲ್ಯಾತ್ ಜೊತೆ ಒಂದು ಬರ್ರಿಯೂ ಸಿಗುತ್ತಿತ್ತು.

"ವಾಪಸ್ ಬರದವರು ಏನು ಹೇಳುತ್ತಾರೆ?" ಅಂತ ಅವರು ಕೇಳಿದ್ದರು.

"ಏನೂ ಹೇಳೂದಿಲ್ಲ" ಅಂದೆ. "ಸತ್ತವರ ಮನಿಯಿಂದ ಹೊರಡುವಾಗ ಬರ್ತೇನಿ ಅನ್ನಬಾರದು. ಮಾತಾಡದ ಎದ್ದು ಬಂದುಬಿಡಬೇಕು."

"ಅದು ಬಹಳ ಒರಟು" ಅಂದರು.

"ಪದ್ಧತಿ" ಅಂದೆ. ಅವರು ಒಪ್ಪಲಿಲ್ಲ. ಹೋಗುವವರು ಹೇಳದಿದ್ದರೆ ಇರುವವರು ಏನಂತ ಉತ್ತರ ಕೊಡಬೇಕು, ಪಾಪ, ಅಂದರು.

ಆಮೇಲೆ ಬಾಗಿಲುಗಳು ತೆರೆದವು. ಕೂಟ ಮಾತ್ರ ಝೂಮ್‌ನಲ್ಲೇ ಉಳಿಯಿತು. ನಾನು ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೋದ ಭಾನುವಾರ ಅಲ್ಲಿನ ಕ್ಯಾಂಟೀನಿನಿಂದ ಪುಳಿಯೋಗರೆ ಕಟ್ಟಿಸಿಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಅವರು ಮೂರು ಸಲ ಟೀ ಕೇಳುತ್ತಿದ್ದರು, ನಾನು ಎರಡು ಸಲ ಬೇಡ ಅನ್ನುತ್ತಿದ್ದೆ. ಪುಳಿಯೋಗರೆಯ ಖಾರಕ್ಕೆ ಅವರ ಕಿವಿ ಕೆಂಪಾಗುತ್ತಿತ್ತು, ಬಿಡುತ್ತಿರಲಿಲ್ಲ.

2025ರ ವಸಂತದಲ್ಲಿ ಈ ವಾಷಿಂಗ್ಟನ್ ಸುತ್ತಮುತ್ತ ಸುದ್ದಿ ಅಂದರೆ ಒಂದೇ, ಸರ್ಕಾರಿ ಕೆಲಸ ಹೋದವರ ಸುದ್ದಿ. ನಮ್ಮ ಕೂಟದಲ್ಲೇ ಒಬ್ಬರು, ಸರ್ಕಾರದ ಕಚೇರಿಯಲ್ಲಿ ಅರ್ಧ ಆಯುಷ್ಯ ಕಳೆದವರು, ಒಂದು ಶನಿವಾರ ಕ್ಯಾಮೆರಾ ಹಾಕದೆ ಕೂತರು. ಕೆಲಸ ಹೋದವರಿಗೆ ಏನು ಹೇಳಬೇಕು ಅನ್ನುವುದೇ ಅವತ್ತಿನ ಪ್ರಶ್ನೆಯಾಯಿತು. ಇಂಗ್ಲಿಷಿನವರು ಇದರಿಂದ ಒಳ್ಳೆಯದೇ ಆಗುತ್ತದೆ ಬಿಡಿ ಅನ್ನುತ್ತಾರೆ. ನಮ್ಮವರು ಮುಂದೇನು ಮಾಡ್ತೀರಿ ಅಂತ ಗಾಯಕ್ಕೇ ಬೆರಳು ಹಾಕುತ್ತಾರೆ. ಬೀಗಿತ್ತಿ, ತಮ್ಮ ಊರಿನವರು ಸಾವಿನ ಮನೆಯಲ್ಲಿ ಆಡುವ ಮಾತನ್ನೇ ಆಡಿ ಅಂದರು. ಐರಿಷ್‌ನಲ್ಲಿ ಅದನ್ನು ಹೇಳಿಕೊಟ್ಟರು. ಧಾರವಾಡದ ಮಾತಿನಲ್ಲಿ ಹೇಳುವುದಾದರೆ, ನಿನ್ನ ತ್ರಾಸು ನನಗ ಸೇರಂಗಿಲ್ಲ, ಅಂದರೆ ನಿನಗೆ ಬಂದ ಕಷ್ಟ ನನಗೂ ಇಷ್ಟವಿಲ್ಲ. ಅಷ್ಟೇ. ಸಮಾಧಾನ ಇಲ್ಲ, ಬುದ್ಧಿವಾದ ಇಲ್ಲ. ಒಬ್ಬೊಬ್ಬರಾಗಿ ಹೇಳಿದೆವು. ಕಪ್ಪು ಚೌಕದಿಂದ ಮೂಗು ಒರೆಸಿಕೊಳ್ಳುವ ಸದ್ದು ಬಂತು.

ಆ ಬೇಸಿಗೆಯಲ್ಲಿ ಬೀಗಿತ್ತಿಗೆ ಸ್ಟ್ರೋಕ್ ಆಯಿತು. ಶನಿವಾರ ಕೂಟ ತೆರೆಯಲಿಲ್ಲ. ನಾನು ಕಾರು ತೆಗೆದುಕೊಂಡು ಓಡಿ, ಆಂಬುಲೆನ್ಸ್ ಕರೆಸಿದೆ. ಬೇಹುಗಾರಿಕೆಗೆ ಅಂತ ಸೇರಿದವಳ ಕಣ್ಣು ಅವತ್ತು ಕೆಲಸಕ್ಕೆ ಬಂತು.

ಆಸ್ಪತ್ರೆಯಿಂದ ಸೊಸೆಯೇ ಅವರನ್ನು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮಿಗೆ ಸೇರಿಸಿ, ನಮ್ಮ ಮೊಮ್ಮಗಳು, ಕೆಲಸ ಅಂತ ಕಮ್ಮಿಂಗ್‌ಗೂ ಇಲ್ಲಿಗೂ ಓಡಾಡತೊಡಗಿದಳು. ಅವಳು ಇಲ್ಲದ ದಿನಗಳಲ್ಲಿ ನಾನು ಕೂರುತ್ತಿದ್ದೆ. ಬೀಗಿತ್ತಿ ಮಾತೇ ಆಡುತ್ತಿಲ್ಲ, ಆಡಿದರೂ ಅರ್ಥವಿಲ್ಲದ ಶಬ್ದ, ಅಂತ ಎಲ್ಲರೂ ಅಂದುಕೊಂಡಿದ್ದರು. ನಾನು ಕೂತಿದ್ದಾಗ ಅವರು ಬರೀ ನಿದ್ದೆಯಲ್ಲೇ ಇರುತ್ತಿದ್ದರು. ಒಂದು ಮಧ್ಯಾಹ್ನ ಸೊಸೆ ಫೋನ್ ಮಾಡಿದಳು.

"ಅತ್ತೆ, ಮ್ಯಾಮ್ ಯಾರನ್ನೋ ಕರೀತಾಳಂತೆ. ಇಶ್ಕ, ಇಶ್ಕ ಅಂತ. ನರ್ಸ್ ಕೇಳಿದ್ಳು, ಹೂ ಈಸ್ ಇಶ್ಕ? ನಮ್ಮ ಫ್ಯಾಮಿಲಿಯಲ್ಲಿ ಯಾರೂ ಇಲ್ಲ. ನಿಮ್ಗೆ ಗೊತ್ತಾ?"

"ನೀರು" ಅಂದೆ.

"ವಾಟ್?"

"ನೀರವ್ವ. ಅವರ ಭಾಷಾದಾಗ ಇಶ್ಕ ಅಂದ್ರ ನೀರು. ನೀರಡಿಕಿ ಆಗೇದ ಅವರಿಗೆ."

ಆ ಕಡೆ ಅವಳು ಅಳುವುದು ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಯಾರದ್ದೂ ತಪ್ಪಲ್ಲ. ಇಂಗ್ಲಿಷ್ ಪೂರ್ತಿ ಅಳಿಸಿಹೋಗಿತ್ತು, ಕಡಲ ದಡದ ಮನೆಮಾತು ಒಂದೇ ಉಳಿದಿತ್ತು. ಅದು ಭಾಷೆ ಅಂತ ಗುರುತು ಹಿಡಿಯುವವರೇ ಅಲ್ಲಿರಲಿಲ್ಲ. ಲೋಟ ತುಟಿಗೆ ಹಿಡಿದಾಗ ಬೀಗಿತ್ತಿ ಕುಡಿದು, ನನ್ನ ಮುಖ ನೋಡಿ, ಎಡ ಹುಬ್ಬು ಏರಿಸಿದರು. ಎಷ್ಟು ಹೊತ್ತು ಮಾಡಿದಿರಿ ಅನ್ನುವ ಹಾಗಿತ್ತು. ಇವತ್ತಿಗೂ ನಲ್ಲಿಯ ಕೆಳಗೆ ಲೋಟ ಹಿಡಿದರೆ ಆ ಶಬ್ದ ಬೆನ್ನ ಹಿಂದೆ ಕೇಳಿಸುತ್ತದೆ. ತಿರುಗಿ ನೋಡುತ್ತೇನೆ. ನೋಡಬಾರದು ಅಂದುಕೊಂಡೇ ನೋಡುತ್ತೇನೆ.

ಆಮೇಲಿನ ವಾರಗಳಲ್ಲಿ ನಾನು ಅವರಿಬ್ಬರ ನಡುವಿನ ಬಾಯಿಯಾದೆ. ಸೊಸೆ ವೀಡಿಯೊದಲ್ಲಿ ಬರುತ್ತಿದ್ದಳು. ತಾಯಿ ಐರಿಷ್‌ನಲ್ಲಿ ಎರಡು ಪದ ಆಡಿದರೆ ನಾನು ಅದನ್ನು ಮನಸ್ಸಿನಲ್ಲಿ ಕನ್ನಡ ಮಾಡಿ, ಆಮೇಲೆ ಮಗಳಿಗೆ ಅರ್ಥವಾಗುವ ಹಾಗೆ ಕನ್ನಡ, ಇಂಗ್ಲಿಷ್ ಕಲಸಿ ಹೇಳುತ್ತಿದ್ದೆ. ನನ್ನ ಐರಿಷ್ ಎಷ್ಟರದು? ಕಾಲು ಭಾಗ ಊಹೆ. ಒಬ್ಬ ತಾಯಿಯ ಮಾತು ಮಗಳಿಗೆ ಮುಟ್ಟಲು ಧಾರವಾಡದ ಮೂಲಕ ಸುತ್ತಿ ಬರಬೇಕಾಯಿತಲ್ಲ ಅಂತ ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಸೊಸೆಗೆ ಮಾತ್ರ ಪ್ರತಿ ಸಲವೂ ಅದೇ ಪ್ರಶ್ನೆ.

"ಅವಳು ಹೋಗುವಾಗ ನಂಗೆ ಹೇಳ್ತಾಳಾ, ಅತ್ತೆ? ಹೇಳಿದ್ರೂ ನಂಗೆ ಅರ್ಥ ಆಗುತ್ತಾ?"

"ನಾ ಇದ್ದೇನಲ್ಲ" ಅನ್ನುತ್ತಿದ್ದೆ. ಹೇಳುವುದು ಸುಲಭ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೊನೆಯ ಮಾತು ನನಗೆ ಗೊತ್ತಿಲ್ಲದ ಪದವಾಗಿದ್ದರೆ? ಆ ಪದವನ್ನು ನಾನು ಕೈಯಲ್ಲಿ ಹಿಡಿದುಕೊಂಡು ಯಾರ ಹತ್ತಿರ ಹೋಗಲಿ?

ಅಕ್ಟೋಬರಿನಲ್ಲಿ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಮಗಳಿಗೆ ಬರಲು ಹೇಳಿ ಅಂತ ನರ್ಸಿಂಗ್ ಹೋಮಿನವರು ಅಂದರು. ಅವತ್ತಿನ ವಿಮಾನ ಸಿಗಲಿಲ್ಲ. ಸೊಸೆ ನಸುಕಿನಲ್ಲೇ ಕಾರು ತೆಗೆದಳು. ಕಮ್ಮಿಂಗ್‌ನಿಂದ ಎರಡು ಕ್ಯಾರೊಲಿನಾ ದಾಟಿ, ವರ್ಜೀನಿಯಾ ದಾಟಿ ಇಲ್ಲಿಗೆ ಬರಬೇಕು, ಪೂರ್ತಿ ಹಗಲು ಹಿಡಿಯುವ ದಾರಿ. ಮಗ ಮೊಮ್ಮಗಳ ಜೊತೆ ಉಳಿದ.

ನಾನು ಬೆಳಿಗ್ಗೆಯಿಂದ ಹಾಸಿಗೆಯ ಪಕ್ಕ ಕೂತಿದ್ದೆ. ಬಿಸಿಲು ಚೆನ್ನಾಗಿತ್ತು. ಕಿಟಕಿಯ ಹೊರಗೆ ಯಾರೋ ಒಣಗಿದ ಎಲೆಗಳನ್ನು ಮಿಷಿನ್ನಿನಿಂದ ಊದುತ್ತಿದ್ದರು, ಆ ಗದ್ದಲಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಕ್ಯಾಂಟೀನಿಗೆ ಹೋಗಿ ಚಹಾ ತರೋಣ ಅಂತ ಎದ್ದೆ. ಅಭ್ಯಾಸಬಲ, ಅವರ ಕೈ ಮುಟ್ಟಿ, "ಹೋಗಿ ಬರ್ತೇನ್ರಿ" ಅಂದೆ.

ಅವರು ಕಣ್ಣು ತೆರೆದರು. ಬರ್ರಿ ಅನ್ನಲಿಲ್ಲ. "ಸ್ಲಾನ್ ಅಗತ್" ಅಂದರು.

ನಾನು ನಕ್ಕೆ. ಪಾಪ, ಮಾತು ತಿರುಗುಮುರುಗು ಆಗುತ್ತಿದೆ ಅಂದುಕೊಂಡೆ. "ನಾ ಹೋಗಾಕಿ, ನೀವು ಇರೋರು. ಲ್ಯಾತ್ ಅನ್ರಿ" ಅಂತ ಕನ್ನಡದಲ್ಲೇ ಹೇಳಿದೆ. ಲ್ಯಾತ್ ಅಂತ ಬಿಡಿಸಿಯೂ ಹೇಳಿದೆ, ಅವರು ನಮಗೆ ಕಲಿಸುತ್ತಿದ್ದ ಹಾಗೆಯೇ.

ಎಡ ಹುಬ್ಬು ಏರಿತು. ತಪ್ಪು ಹೇಳಿದ ವಿದ್ಯಾರ್ಥಿಯನ್ನು ನೋಡುವ ಅದೇ ನೋಟ. "ಅಗತ್" ಅಂದರು. ಸ್ಪಷ್ಟವಾಗಿ, ಸ್ವಲ್ಪ ರೇಗಿದವರ ಹಾಗೆ. ಕಣ್ಣು ಮುಚ್ಚಿಕೊಂಡರು.

ನಾನು ಬಾಗಿಲವರೆಗೂ ಹೋಗಿದ್ದೆ. ಅಲ್ಲಿ ಕಾಲು ನಿಂತುಬಿಟ್ಟಿತು. ಅವರು ಒಂದು ಸಲವೂ ತಪ್ಪಿದವರಲ್ಲ ಅನ್ನುವುದು ನನಗೆ ಆಗ ನೆನಪಾಯಿತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು.

"ಅತ್ತೆ, ಗ್ಯಾಸ್ ಹಾಕ್ಸೋಕೆ ನಿಲ್ಲಿಸಿದೀನಿ. ಸೌತ್ ಕ್ಯಾರೊಲಿನಾದಲ್ಲೇ ಇದೀನಿ ಇನ್ನೂ. ಟ್ರಾಫಿಕ್ ತುಂಬಾ." ಹಿಂದೆ ಟ್ರಕ್ಕುಗಳ ಸದ್ದು. "ಮ್ಯಾಮ್ ಹೇಗಿದಾಳೆ? ಏನಾದ್ರೂ ಮಾತಾಡಿದ್ಲಾ?"

"ಮಾತಾಡಿದ್ರು."

"ಏನು?"

"ನಾ ಚಹಾ ತರಲಿಕ್ಕೆ ಹೊಂಟಿದ್ದೆ. ಸ್ಲಾನ್ ಅಂದ್ರು."

"ಯಾವ್ದು?" ಅಂದಳು.

ಎರಡು ಕ್ಯಾರೊಲಿನಾ, ಒಂದು ವರ್ಜೀನಿಯಾ ಇನ್ನೂ ದಾಟಬೇಕಾದ ಹುಡುಗಿ. ಸ್ಟೀರಿಂಗ್ ಹಿಡಿಯಬೇಕಾದ ಕೈ. ಲ್ಯಾತ್ ಅಂದುಬಿಡಲೇ ಅನ್ನಿಸಿತು. ಲ್ಯಾತ್ ಅಂದರೆ ಅಮ್ಮ ಇರುವವಳು, ಕಾಯುತ್ತಾಳೆ, ನಿಧಾನಕ್ಕೆ ಬಾ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಾಯಿ ಹೇಳದೆ ಹೋದಾಳು ಅಂತ ಐದು ವರ್ಷ ಹೆದರಿದ ಮಗಳು ಅವಳು. ತಾಯಿ ಹೇಳಿದ್ದಾಳೆ. ಅದನ್ನು ನಡುವೆ ತಡೆಯಲು ನಾನು ಯಾರು?

"ಅಗತ್" ಅಂದೆ.

ಅವಳು ಅರ್ಥ ಬಿಡಿಸಿ ಹೇಳಿ ಅನ್ನಲಿಲ್ಲ. ಕಾರಿನ ಬಾಗಿಲು ಹಾಕಿದ ಸದ್ದು ಬಂತು, ಟ್ರಕ್ಕುಗಳ ಗದ್ದಲ ಅಡಗಿತು. "ಅತ್ತೆ, ಸ್ಪೀಕರ್ ಹಾಕಿ. ಅವಳ ಕಿವಿ ಹತ್ರ ಇಡಿ" ಅಂದಳು.

ಇಟ್ಟೆ. ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಸ್ಲಾನ್ ಲ್ಯಾತ್, ಮ್ಯಾಮ್" ಅಂದಳು. ನಲವತ್ತರ ಹತ್ತಿರ ಬಂದ ಹೆಂಗಸಿನ ದನಿಯಲ್ಲ ಅದು. ಬಾಗಿಲಲ್ಲಿ ನಿಂತ ಮಗುವಿನ ದನಿ. ಬಾಯಿ ಬಿಗಿಹಿಡಿಯಲಿಲ್ಲ, ತಡೆಯಲಿಲ್ಲ. ಇನ್ನೊಂದು ಸಲ, ಇನ್ನೂ ಮೆಲ್ಲಗೆ, "ಸ್ಲಾನ್ ಲ್ಯಾತ್" ಅಂದಳು.

ಬೀಗಿತ್ತಿ ಕೇಳಿಸಿಕೊಂಡರೇ? ನನಗೆ ಗೊತ್ತಿಲ್ಲ. ಹುಬ್ಬು ಏರಲಿಲ್ಲ, ಕೈ ಅಲುಗಲಿಲ್ಲ. ಹೊರಗಿನ ಮಿಷಿನ್ ನಿಂತಿತ್ತು. ಮಧ್ಯಾಹ್ನದ ಊಟದ ಟ್ರೇಗಳು ಬರುವ ಮುಂಚೆ ಅವರು ಹೋದರು. ಸೊಸೆ ಆಗ ಇನ್ನೂ ನಾರ್ತ್ ಕ್ಯಾರೊಲಿನಾದಲ್ಲಿದ್ದಳು. ಕೇಳಿಸಿಕೊಂಡರೋ ಇಲ್ಲವೋ ಅನ್ನುವುದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಶನಿವಾರ ಖಾಲಿ ಪರದೆಯ ಮುಂದೆ ನಾನು ಕಾಯುವುದು ಬಹುಶಃ ಇದಕ್ಕೇ. ಆ ಕಪ್ಪು ಚೌಕದೊಳಗಿಂದ ಯಾರಾದರೂ ಕೇಳಿಸಿತು ಅಂದಾರೇನೋ ಅಂತ.

ಸೊಸೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅವಳಿಗೆ ಹೇಳಲು ಆ ಮಾತನ್ನು ದಾರಿ ನೋಡುತ್ತಲೇ ಮನಸ್ಸಿನಲ್ಲಿ ಉರು ಹೊಡೆದಿದ್ದೆ. ನಿನ್ನ ತ್ರಾಸು ನನಗ ಸೇರಂಗಿಲ್ಲ. ಅವಳ ಮುಖ ಕಂಡ ಮೇಲೆ ಐರಿಷ್ಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ, ಅವಳನ್ನು ಅಪ್ಪಿಕೊಂಡು ಗೊಳೋ ಅಂತ ಅತ್ತೆ. ಅವಳೇ ನನ್ನ ಬೆನ್ನು ಸವರಿದಳು. ತಾಯಿಯ ಪಕ್ಕ ಬಹಳ ಹೊತ್ತು ಕೂತಳು. ಹೊರಡುವಾಗ ನನ್ನ ಬಾಯಿಗೆ ಹೋಗಿ ಬರ್ತೇನ್ರಿ ಅಂತ ಬಂದೇಬಿಟ್ಟಿತ್ತು, ನುಂಗಿಕೊಂಡೆ. ಒರಟು ಅಂದಿದ್ದರಲ್ಲ ಅನ್ನುವುದು ಎದೆಯಲ್ಲಿ ಚುಚ್ಚಿತು. ಆದರೂ ನಮ್ಮ ಪದ್ಧತಿಯ ಪ್ರಕಾರ ಮಾತಾಡದೆ ಹೊಸ್ತಿಲು ದಾಟಿದೆ.

ಪಾರ್ಕಿಂಗ್‌ನಲ್ಲಿ ಅವಳ ಕಾರಿನ ಗಾಜಿಗೆಲ್ಲ ದಾರಿಯುದ್ದದ ಹುಳುಗಳು ಅಂಟಿದ್ದವು. ಅವಳು ಬಾಗಿಲ ಮೇಲೆ ಕೈಯಿಟ್ಟು ನಿಂತಳು.

"ಅತ್ತೆ, ನಾನು ಸರಿ ಹೇಳಿದ್ನಾ?"

ಆ ಭಾಷೆಯಲ್ಲಿ ಹೌದು ಅನ್ನುವ ಪದವಿಲ್ಲ. ಕೇಳಿದ್ದನ್ನೇ ತಿರುಗಿ ಕೊಡಬೇಕು.

"ಹೇಳಿದಿ" ಅಂದೆ.